ಬೆಟ್ಟದ ಇಳಿಜಾರಿನಲ್ಲಿ ಹಳೆಯ ರೋಡ್‌ಕಿಂಗ್

ನಮ್ಮ ಮನೆಯ ಬೈಕ್ ಯೆಜ್ಡಿ ರೋಡ್‌ಕಿಂಗ್‌ಗೆ ಮೂವತ್ತೈದು ವರ್ಷ ದಾಟಿದೆ. ಅದು ಹುಟ್ಟಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದ ಮೇಲೂ ಅಪ್ಪ ಅದನ್ನು ಮಾರಲಿಲ್ಲ. ಅವರ ನಂತರ ಅದು ನನ್ನ ಪಾಲಿಗೆ ಬಂತು. 2022ರಲ್ಲಿ ಯೆಜ್ಡಿ ಎಂಬ ಹೆಸರು ಹೊಸ ಗಾಡಿಗಳ ಮೇಲೆ ಮರಳಿದಾಗಿನಿಂದ ಹೊಸದನ್ನು ಕೊಳ್ಳಬೇಕೇ ಬೇಡವೇ ಎಂದು ಮನಸ್ಸು ಡೋಲಾಯಮಾನವಾಗಿತ್ತು. ಕಳೆದ ತಿಂಗಳು ಗೆಳೆಯನ ಹೊಸ ಯೆಜ್ಡಿ ರೋಡ್‌ಸ್ಟರ್ ಅನ್ನು ಒಂದು ದಿನ ಓಡಿಸಿ ನೋಡಿದೆ.

ಹಳೆಯದು 248.5 ಸಿಸಿಯ ಟೂ-ಸ್ಟ್ರೋಕ್, 16 ಅಶ್ವಶಕ್ತಿ. ಹೊಸದು ನೀರಿನಿಂದ ತಂಪಾಗುವ 334 ಸಿಸಿಯ ಫೋರ್-ಸ್ಟ್ರೋಕ್, ಸುಮಾರು 29. ಆದರೂ ಊರೊಳಗೆ ಹಳೆಯದು ಸೊರಗಿದೆ ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರಾಂಕ್ (ಎಂಜಿನ್ನಿನೊಳಗೆ ತಿರುಗುವ ದಂಡ) ಎರಡು ಸುತ್ತು ತಿರುಗಿದರೆ ಒಮ್ಮೆ ಇಂಧನ ಉರಿಯುತ್ತದೆ, ಟೂ-ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ; ಗಾಡಿಯೂ ಹಗುರವಾದ್ದರಿಂದ ಸಿಗ್ನಲ್ ಬಿಟ್ಟೊಡನೆ ಅದು ಇಂದಿಗೂ ಚಿಮ್ಮುತ್ತದೆ.

ವ್ಯತ್ಯಾಸ ತಿಳಿದದ್ದು ಚಾಮುಂಡಿ ಬೆಟ್ಟದಿಂದ ಇಳಿಯುವಾಗ. ಟೂ-ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಅತ್ಯಲ್ಪ; ಪೆಟ್ರೋಲಿನ ಜೊತೆಗೇ ಆಯಿಲ್ ಒಳಗೆ ಹೋಗಬೇಕಾದ್ದರಿಂದ ಆಕ್ಸಿಲರೇಟರನ್ನು ಬಹಳ ಹೊತ್ತು ಮುಚ್ಚಿಡುವಂತೆಯೂ ಇಲ್ಲ, ಆಗಾಗ ಒಂದಿಷ್ಟು ತಿರುಗಿಸುತ್ತಲೇ ಇರಬೇಕು. ಎಲ್ಲ ಭಾರವೂ ಡ್ರಮ್ ಬ್ರೇಕುಗಳ ಮೇಲೆ ಬೀಳುತ್ತದೆ. ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಇಳಿದ ದಿನ, ಕೆಳಗಿನ ತಿರುವುಗಳಿಗೆ ಬರುವಷ್ಟರಲ್ಲಿ ಬ್ರೇಕಿನ ಲೈನರ್ ಸುಟ್ಟ ವಾಸನೆ ಮೂಗಿಗೆ ಬಡಿದಿತ್ತು, ಲಿವರ್ ಹ್ಯಾಂಡಲ್‌ವರೆಗೂ ಬಂದಿತ್ತು. ಅದೇ ತಿರುವುಗಳಲ್ಲಿ ಹೊಸ ಗಾಡಿಯ ಡಿಸ್ಕ್ ಬ್ರೇಕನ್ನು ಎರಡು ಬೆರಳಿನಿಂದ ಒತ್ತಿದರೆ ಸಾಕಾಯಿತು; ಎಬಿಎಸ್ ಎಂಬ ಬ್ರೇಕ್ ನಿಯಂತ್ರಣ ವ್ಯವಸ್ಥೆ ಇದ್ದುದರಿಂದ ಚಕ್ರ ಕಚ್ಚಿಕೊಳ್ಳುವ ಹೆದರಿಕೆಯೂ ಇರಲಿಲ್ಲ. ನನ್ನ ಮಟ್ಟಿಗೆ ಹೊಸ ಗಾಡಿಗೆ ಕೊಡುವ ಹಣದ ಬೆಲೆ ಇರುವುದು ಇಲ್ಲಿಯೇ. ಹೊಗೆಯ ಮಾತೂ ಇದೆ. ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನ ಮೇಲಿದ್ದ ಮಗು ನನ್ನ ಸೈಲೆನ್ಸರ್ ನೋಡಿ ಮೂಗು ಮುಚ್ಚಿಕೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹಾಗೆಂದು ಪ್ರತಿ ಹೊಸ ಮಾದರಿಯ ಹಿಂದೆಯೂ ಓಡಬೇಕಿಲ್ಲ. 2020ರ ಏಪ್ರಿಲ್ ನಂತರದ, 125 ಸಿಸಿಗಿಂತ ದೊಡ್ಡ ಹೊಗೆ ಮಿತಿಯ ಬಿಎಸ್-6 ನಿಯಮದ ಗಾಡಿ ಇರುವವರಿಗೆ ಎಬಿಎಸ್ ಆಗಲೇ ಸಿಕ್ಕಿದೆ. ಬಣ್ಣಕ್ಕೂ ಡಿಜಿಟಲ್ ಪರದೆಗೂ ಮರುಳಾಗಿ ಅದನ್ನು ಬದಲಿಸುವುದರಲ್ಲಿ ಅರ್ಥ ಕಾಣೆ. ನನ್ನನ್ನು ಕಾಡುವುದು ಬಾಳಿಕೆಯ ಪ್ರಶ್ನೆ. ರೋಡ್‌ಕಿಂಗ್ ದಾರಿಯಲ್ಲಿ ನಿಂತರೆ ಕವರ್ ಬಿಚ್ಚಿ, ಎಂಜಿನ್ನಿಗೆ ಕಿಡಿ ಕೊಡಿಸುವ ಪಾಯಿಂಟ್‌ಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಫೀಲರ್ ಗೇಜ್ ಇಟ್ಟು ಅಂತರ ಸರಿಮಾಡಿದರೆ ಸಾಮಾನ್ಯವಾಗಿ ಹೊರಡುತ್ತದೆ. ಸವೆದ ಬುಷ್ ಬೇಕೆಂದರೆ ಲೇತ್ ಅಂಗಡಿಯವರು ಸಂಜೆಯೊಳಗೆ ಮಾಡಿಕೊಡುತ್ತಾರೆ. ಇಂಧನ ಇಂಜೆಕ್ಷನ್ನಿನ ಸೆನ್ಸರನ್ನಾಗಲಿ, ಎಂಜಿನ್ ನಿಯಂತ್ರಿಸುವ ಇಸಿಯು ಎಂಬ ಪುಟ್ಟ ಕಂಪ್ಯೂಟರನ್ನಾಗಲಿ ಯಾವ ಲೇತ್ ಕಡೆದುಕೊಟ್ಟೀತು? ಕಂಪನಿ ಬಿಡಿಭಾಗ ಕೊಡುವವರೆಗೆ ಮಾತ್ರ ಹೊಸ ಗಾಡಿಯ ಆಯುಸ್ಸು ಎಂದು ತಿಳಿದೇ ಅದನ್ನು ಕೊಳ್ಳಬೇಕು.

ನಾನು ಹಾಗೆಯೇ ತಿಳಿದು ಮುಂಗಡ ಕೊಟ್ಟಿದ್ದೇನೆ. ಬೆಟ್ಟಕ್ಕೂ ಹೆದ್ದಾರಿಗೂ ಇನ್ನು ಹೊಸದು. ಅಪ್ಪನ ಗಾಡಿ ಭಾನುವಾರ ಬೆಳಿಗ್ಗೆ ದೇವರಾಜ ಮಾರುಕಟ್ಟೆಯವರೆಗೆ ಹೋಗಿಬರುತ್ತದೆ; ಈ ವಾರ ಅದರ ಸೈಲೆನ್ಸರ್ ಬಿಚ್ಚಿ ಒಳಗಿನ ಮಸಿ ಕೆರೆಯಬೇಕಾಗಿದೆ.