ಇಷ್ಟೊಂದು ಜನರ ಲೆಕ್ಕ ಹೇಗೆ ತಲೇಲಿ ಇಟ್ಕೊಳ್ತೀರಿ ಅನ್ನುವವರಿಗೆ

ಜಿಎಸ್‌ಟಿ ರಿಟರ್ನ್ ಹಾಕಿಕೊಡುವುದು ನನ್ನ ಕೆಲಸ. ಊರಿನ ಅಂಗಡಿಗಳು, ಸಣ್ಣ ಕಾರ್ಖಾನೆಗಳು, ಒಂದಷ್ಟು ಕಂಟ್ರಾಕ್ಟರುಗಳು ನನ್ನ ಹತ್ತಿರ ಬರುತ್ತಾರೆ. ಮೇಜಿನ ಮೇಲಿನ ಫೈಲುಗಳನ್ನು ನೋಡಿ ಹೆಚ್ಚಿನವರು ಕೇಳುವುದು ಇದನ್ನೇ: "ಇಷ್ಟೊಂದು ಜನರ ಲೆಕ್ಕ ತಲೇಲಿ ಇಟ್ಕೊಂಡು ಅದು ಹೇಗೆ ಮೇಡಂ ಸಮಾಧಾನವಾಗಿ ಕೂತು ಕೆಲಸ ಮಾಡ್ತೀರಿ? ನಮಗಿರೋದು ಒಂದೇ ಅಂಗಡಿ, ಆದ್ರೂ ತಲೆ ಸುಮ್ನಿರಲ್ಲ."

ತಲೇಲಿ ಇಟ್ಕೊಳ್ಳಲ್ಲ, ಅದೇ ನನ್ನ ಉತ್ತರ. ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಹಾಗೆ ಹೇಳಿದ ಕೂಡಲೇ "ನಾವೂ ಬರೀತೀವಲ್ಲ, ಏನೂ ಉಪಯೋಗ ಆಗಿಲ್ಲ" ಅನ್ನುತ್ತಾರೆ. ಹೇಗೆ ಬರೆಯುತ್ತೇವೆ ಅನ್ನುವುದರಲ್ಲೇ ಎಲ್ಲ ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ಕೆಲಸದಲ್ಲಿ ತಲೆ ಜಾಸ್ತಿ ಬೇಕಾಗುವುದು ತಿಂಗಳ 14ರಿಂದ 20ರ ನಡುವೆ. 14ಕ್ಕೆ ಸರ್ಕಾರದ ಜಿಎಸ್‌ಟಿ ಪೋರ್ಟಲಿನಲ್ಲಿ 2ಬಿ ಬರುತ್ತದೆ. ನಮಗೆ ಮಾಲು ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ ಅದು. ಅದನ್ನು ನಮ್ಮ ಖರೀದಿ ಲೆಕ್ಕದ ಜೊತೆ ಒಂದೊಂದೇ ಬಿಲ್ ಹಿಡಿದು ತಾಳೆ ನೋಡಬೇಕು. ಕೆಲವರು ಬಿಲ್ ತೋರಿಸುವುದನ್ನೇ ಮರೆತಿರುತ್ತಾರೆ. ಇನ್ನು ಕೆಲವರು ಬೇರೆ ಯಾರದೋ ಜಿಎಸ್‌ಟಿ ನಂಬರಿಗೆ ಹಾಕಿರುತ್ತಾರೆ, ಅಥವಾ ರಾಜ್ಯದೊಳಗಿನ ಮಾರಾಟಕ್ಕೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬರಬೇಕಾದ ಕಡೆ ಹೊರರಾಜ್ಯದ ಮಾರಾಟಕ್ಕೆ ಹಾಕುವ ಐಜಿಎಸ್‌ಟಿ ಹಾಕಿರುತ್ತಾರೆ. ಅದು ಕಣ್ಣು ತಪ್ಪಿದರೆ ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಅಂಗಡಿಯವರಿಗೆ ವಜಾ ಆಗಿ ಸಿಗಬೇಕಾದ ಇನ್‌ಪುಟ್ ಹೋಗುತ್ತದೆ, ಅಷ್ಟು ದುಡ್ಡು ಕೈಯಿಂದ ಕಟ್ಟಬೇಕು. 20ಕ್ಕೆ ತಿಂಗಳ ಲೆಕ್ಕ ತೋರಿಸಿ ತೆರಿಗೆ ಕಟ್ಟುವ 3ಬಿ ರಿಟರ್ನ್ ಹಾಕಲೇಬೇಕು. ಅದೇ ಹೊತ್ತಿಗೆ ಸರಿಯಾಗಿ ಅಮ್ಮನ ಬಿಪಿ ಮಾತ್ರೆ, ಮಗಳ ಫೀಸು, ಇನ್ಯಾರಿಗೋ ಬಂದ ನೋಟಿಸು, ಎಲ್ಲ ಒಟ್ಟಿಗೆ ನೆನಪಾಗುತ್ತವೆ.

ಆಗ "ಈಗ ಅದೆಲ್ಲ ಯೋಚನೆ ಮಾಡಬಾರದು" ಅಂತ ಮನಸ್ಸಿಗೆ ಹೇಳಿದರೆ ಅದು ಕೇಳುವುದಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಡ್ಯಾನಿಯಲ್ ವೆಗ್ನರ್ 1987ರಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ "ಈಗ ನೆನೆಯಬಹುದು" ಅಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ನೆನಪಾಯಿತು.

ಬಲವಂತಕ್ಕೆ ಬಗ್ಗದ ಮನಸ್ಸು ಭರವಸೆ ಸಿಕ್ಕರೆ ಬಗ್ಗುತ್ತದೆ. ಅಂಗಡಿಗೆ ಹೋದಾಗ ಮಗು ಸೆರಗು ಎಳೆಯುತ್ತಲೇ ಇರುತ್ತದೆ ನೋಡಿ. "ಸುಮ್ನಿರು" ಅಂದರೆ ಇನ್ನೂ ಜಾಸ್ತಿ ಎಳೆಯುತ್ತದೆ. "ಈ ಬಿಲ್ ಕೊಟ್ಟ ಮೇಲೆ ಪಕ್ಕದಂಗಡಿಯಲ್ಲಿ ಕೊಡಿಸ್ತೀನಿ" ಅಂದರೆ ಬಿಡುತ್ತದೆ. ಹೇಳಿದ ಹಾಗೆ ಕೊಡಿಸುತ್ತೀರಿ ಅಂತ ಅದಕ್ಕೆ ಗೊತ್ತಿರಬೇಕು, ಅಲ್ವಾ?

ನನ್ನ ಪುಸ್ತಕದಲ್ಲಿ "ಹಾರ್ಡ್‌ವೇರ್ ಅಂಗಡಿ ಲೆಕ್ಕ" ಅಂತ ಬರೆಯುವುದಿಲ್ಲ. ಅದನ್ನು ಓದಿದರೆ ಏನು ಮಾಡಬೇಕು ಅಂತ ಮತ್ತೆ ಯೋಚಿಸಬೇಕಾಗುತ್ತದೆ, ಎದೆ ಇನ್ನಷ್ಟು ಭಾರವಾಗುತ್ತದೆ. ಬರೆಯುವುದು ಹೀಗೆ: "ಬುಧವಾರ ಬೆಳಿಗ್ಗೆ 11ಕ್ಕೆ ಹಾರ್ಡ್‌ವೇರ್ ಅಂಗಡಿಗೆ ಫೋನ್, ಪೈಪಿನ ಎರಡು ಪರ್ಚೇಸ್ ಬಿಲ್ ವಾಟ್ಸಾಪ್ ಮಾಡಲು ಹೇಳುವುದು." ಯಾವಾಗ, ಯಾರಿಗೆ, ಮೊದಲು ಏನು, ಇಷ್ಟು ಇರಬೇಕು. ಅಮ್ಮನ ಮಾತ್ರೆಯೂ ಹಾಗೇ: "ಸಂಜೆ ಮನೆಗೆ ಹೋಗುವಾಗ ಬಸ್ ಸ್ಟ್ಯಾಂಡ್ ಪಕ್ಕದ ಮೆಡಿಕಲ್, ಚೀಟಿ ಪರ್ಸಲ್ಲಿದೆ."

ಇದು ಬರೀ ನನ್ನ ಅನುಭವವಲ್ಲ. ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಅನ್ನುವ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಮುಗಿಯದ ಕೆಲಸ ಮನಸ್ಸಿನಲ್ಲಿದ್ದವರಿಗೆ ಓದುವಾಗ ಅದೇ ಅಡ್ಡ ಬರುತ್ತಿತ್ತು. ಆ ಕೆಲಸ ಯಾವಾಗ, ಹೇಗೆ ಮಾಡುತ್ತೇವೆ ಅಂತ ಖಚಿತವಾಗಿ ಗೊತ್ತು ಮಾಡಿಕೊಂಡವರಿಗೆ ಆ ಕಾಟ ಇರಲಿಲ್ಲ. ಕೆಲಸ ಇನ್ನೂ ಮುಗಿದಿರಲಿಲ್ಲ, ನೆನಪಿಡಿ. ನನಗೆ ಇದರಷ್ಟು ಧೈರ್ಯ ಕೊಟ್ಟ ಮಾತು ಇನ್ನೊಂದಿಲ್ಲ. ಎಲ್ಲ ಮುಗಿಸಿದ ಮೇಲೆ ನೆಮ್ಮದಿ ಅಂದುಕೊಂಡರೆ ನಮ್ಮ ಕೆಲಸದಲ್ಲಿ ನೆಮ್ಮದಿ ಯಾವತ್ತೂ ಬರುವುದಿಲ್ಲ. 20 ಮುಗಿದರೆ ಮಾರಾಟದ ಬಿಲ್ಲುಗಳ ರಿಟರ್ನ್ ಹಾಕುವ ಮುಂದಿನ 11 ಬಂದೇ ಬರುತ್ತದೆ.

ಒಂದು ಷರತ್ತು ಮಾತ್ರ ಇದೆ. ಬರೆದದ್ದನ್ನು ದಿನಾ ನೋಡಬೇಕು. ನಾನು ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡುವ ಮೊದಲು ಒಂದು ಸಲ, ಸಂಜೆ ಶಟರ್ ಎಳೆಯುವ ಮೊದಲು ಒಂದು ಸಲ ನೋಡುತ್ತೇನೆ. ನೋಡದೆ ಬಿಟ್ಟ ಪುಸ್ತಕವನ್ನು ಮನಸ್ಸು ನಂಬುವುದಿಲ್ಲ, ಮತ್ತೆ ತಾನೇ ನೆನಪಿಸಲು ಶುರು ಮಾಡುತ್ತದೆ. "ಬರೆದರೂ ಉಪಯೋಗ ಆಗಿಲ್ಲ" ಅನ್ನುವವರಲ್ಲಿ ಹೆಚ್ಚಿನವರು ಬರೆದ ಚೀಟಿಯನ್ನು ಮತ್ತೆ ತೆಗೆದು ನೋಡಿರುವುದಿಲ್ಲ. ಪುಸ್ತಕ ಬೇಡ, ಮೊಬೈಲಿನಲ್ಲಿ ಬರೆಯುತ್ತೇನೆ ಅಂದರೆ ಅದೂ ಸರಿಯೇ. ನನಗೆ ಕಾಗದವೇ ಇಷ್ಟ, ಅಲ್ಲಿ ವಾಟ್ಸಾಪ್ ಇಣುಕುವುದಿಲ್ಲ.

ತಾಳೆ ನೋಡುತ್ತಿರುವಾಗಲೇ ಯಾರಾದರೂ ಬಾಗಿಲಲ್ಲಿ ನಿಂತು "ಒಂದೇ ನಿಮಿಷ ಮೇಡಂ" ಅನ್ನುತ್ತಾರೆ. ಅವರನ್ನು ಕಾಯಿಸಿ ಅಂತ ನಾನು ಹೇಳಲಾರೆ, ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದಿರುತ್ತಾರೆ. ಆದರೆ ತಲೆ ಎತ್ತುವ ಮೊದಲು ಎಲ್ಲಿ ನಿಲ್ಲಿಸಿದೆ ಅಂತ ಒಂದು ಸಾಲು ಬರೆಯುತ್ತೇನೆ: "ಬಿಲ್ 118ರ ತನಕ ಸರಿ. 119ರಲ್ಲಿ ಟ್ಯಾಕ್ಸ್ ಮೊತ್ತ ಬೇರೆ, ಒರಿಜಿನಲ್ ನೋಡಬೇಕು." ಆಮೇಲೆ ಬಂದವರ ಮಾತಿಗೆ ಪೂರ್ತಿ ಕಿವಿ ಕೊಡಬಹುದು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಅಂತ ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ನಿಲ್ಲಿಸಿದ ಜಾಗ ಮತ್ತು ಮುಂದಿನ ಹೆಜ್ಜೆ ಬರೆದಿಟ್ಟು ಹೋದರೆ ಆ ಎಳೆತ ಕಡಿಮೆಯಾಗುತ್ತದೆ ಅನ್ನುವುದೂ ಅವರದೇ ಮುಂದಿನ ಕೆಲಸ.

ಧ್ಯಾನ, ಪ್ರಾಣಾಯಾಮದ ಬಗ್ಗೆಯೂ ಕೇಳುತ್ತಾರೆ. ಮಾಡುವವರಿಗೆ ಒಳ್ಳೆಯದೇ. ನಾನು ಮಾಡುವುದು ಒಂದೇ, ಪೋರ್ಟಲ್ ಲಾಗಿನ್ ಆಗದೆ ಸುತ್ತುತ್ತಿರುವಾಗ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುತ್ತೇನೆ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ, ದೇಹದ ಸಹಜ ವ್ಯವಸ್ಥೆ ಅದು.

ರಾತ್ರಿ ನಿದ್ದೆ ಬರದವರಿಗೂ ಪುಸ್ತಕವನ್ನೇ ಹೇಳುತ್ತೇನೆ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು ಮಲಗುವ ಮುಂಚೆ ಕೆಲವರಿಂದ ಐದು ನಿಮಿಷ ಮುಂದಿನ ದಿನಗಳ ಕೆಲಸದ ಪಟ್ಟಿ ಬರೆಸಿದರು, ಇನ್ನು ಕೆಲವರಿಂದ ಮುಗಿದ ಕೆಲಸಗಳನ್ನು ಬರೆಸಿದರು. ಮಾಡಬೇಕಾದದ್ದನ್ನು ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ಒಂದೊಂದನ್ನೂ ಬಿಡಿಸಿ ಬರೆದವರಿಗೆ ಇನ್ನೂ ಬೇಗ.

ಬರೆದರೂ, ನೋಡಿದರೂ, ವಾರಗಟ್ಟಲೆ ತಲೆ ನಿಲ್ಲದೆ ಓಡುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಅದು ಪುಸ್ತಕದಿಂದ ಸರಿಹೋಗುವ ವಿಷಯ ಅಲ್ಲ. ನಮ್ಮ ವ್ಯಾಪಾರಿಗಳು ಶುಗರಿಗೆ ಡಾಕ್ಟರ ಹತ್ತಿರ ಹೋಗುತ್ತಾರೆ, ಇದನ್ನು ಹೇಳಿಕೊಳ್ಳಲು ಮಾತ್ರ ಹಿಂಜರಿಯುತ್ತಾರೆ. ಅಂಥವರಿಗೆ ನಾನು ಒಂದು ನಂಬರ್ ಬರೆದುಕೊಡುತ್ತೇನೆ, 14416. ಸರ್ಕಾರ 2022ರಲ್ಲಿ ಶುರು ಮಾಡಿದ, ಮನಸ್ಸಿನ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.