ಅವನಿಗೆ ಎಲ್ಲಾ ಗೊತ್ತು, ಆದರೂ ಮಾತಾಡಬೇಕು

ವಿಜಯಪುರದಲ್ಲಿ ಅವ್ವನ ಪಿತ್ತಕೋಶದ ಕಲ್ಲಿನ ಆಪರೇಷನ್ ಇತ್ತು. ಬಾಗೇವಾಡಿಯಿಂದ ಹಿಂದಿನ ದಿನವೇ ಬಂದು ಅಡ್ಮಿಟ್ ಆಗಿದ್ದೆವು. ಬೆಳಿಗ್ಗೆ ನರ್ಸ್ ಬಂದು ಬಳೆ, ಬೆಂಡೋಲೆ ಎಲ್ಲಾ ಬಿಚ್ಚಿಸಿದರು. ಕೊನೆಗೆ ಕೊರಳಲ್ಲಿದ್ದ, ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆ ತೋರಿಸಿ, "ಇದನ್ನೂ ತಗೀರಿ ಅಮ್ಮಾ" ಅಂದರು.

"ಬೆಳ್ಳಿ ಬೇಕಾದ್ರ ತಗೀತೀನವ್ವಾ. ಲಿಂಗ ಮಾತ್ರ ಮೈ ಬಿಟ್ಟು ಹೋಗಂಗಿಲ್ಲ."

ಡಾಕ್ಟರು ಒಳ್ಳೆಯವರು. ಲೋಹ ಇರಬಾರದು ಅಷ್ಟೇ ಅಂದರು. ಅವ್ವ ಲಿಂಗ ಹೊರತೆಗೆದು, ಹಣೆಗೆ ಒತ್ತಿಕೊಂಡು, ಬಿಳಿ ವಸ್ತ್ರದಲ್ಲಿ ಸುತ್ತಿದಳು. ನಾನು ಅದನ್ನು ಅವಳ ಎಡ ರಟ್ಟೆಗೆ ಕಟ್ಟಿದೆ. ಗಂಟು ಬಿಚ್ಚದಿರಲಿ ಅಂತ ಮೇಲೆ ನರ್ಸೇ ಪಟ್ಟಿ ಅಂಟಿಸಿದರು.

ಅವಳು ಒಳಗೆ ಹೋದ ಮೇಲೆ ನಾನು ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಕೂತು ನನ್ನ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡೆ. ಪತ್ರಿ ಇರಲಿಲ್ಲ, ಹೂವು ಇರಲಿಲ್ಲ, ವಿಭೂತಿ ಇತ್ತು, ಸಾಕು. ನಮ್ಮ ಲಿಂಗಾಯತರಲ್ಲಿ ಗಂಡು ಹೆಣ್ಣು ಅನ್ನದೆ ಎಲ್ಲರಿಗೂ ಲಿಂಗ ಕಟ್ಟುತ್ತಾರೆ, ಅವರವರ ಪೂಜೆ ಅವರವರೇ ಮಾಡಬೇಕು, ನಡುವೆ ಪೂಜಾರಿ ಇಲ್ಲ. 12ನೇ ಶತಮಾನದಲ್ಲಿ ಬಸವಣ್ಣ ಮತ್ತು ಶರಣರು ಗಟ್ಟಿಯಾಗಿ ಹಿಡಿದ ದಾರಿ ಇದು. ಆದರೆ ಆವತ್ತು ಏನು ಬೇಡಬೇಕು ಅಂತ ನನಗೆ ಮಾತೇ ಹೊರಡಲಿಲ್ಲ.

ಆಗ ನೆನಪಾದದ್ದು ಇಷ್ಟು. ನಮ್ಮ ಕೆಲವು ಮನೆಗಳಲ್ಲಿ ಬಸುರಿಗೆ ಎಂಟನೇ ತಿಂಗಳಲ್ಲಿ ಹೊಟ್ಟೆಯ ಕೂಸಿಗಾಗಿಯೂ ಒಂದು ಲಿಂಗ ಕಟ್ಟುತ್ತಾರೆ, ಕೂಸು ಹುಟ್ಟಿದ ಮೇಲೆ ಅದೇ ಲಿಂಗ ಕೂಸಿಗೆ ಬರುತ್ತದೆ. ನನಗೂ ಹಾಗೇ ಕಟ್ಟಿದ್ದರಂತೆ. ಅಂದರೆ ನನಗೆ ಹೆಸರಿಡುವ ಮುಂಚೆ, ಅವ್ವ ನನ್ನ ಮುಖ ನೋಡುವ ಮುಂಚೆ, ಅಂಗೈಯಲ್ಲಿರುವ ಇವನು ನನ್ನನ್ನು ಬಲ್ಲ. ನನ್ನ ಹೆದರಿಕೆ ಇವನಿಗೆ ಬಿಡಿಸಿ ಹೇಳಬೇಕಾ?

ಗೊತ್ತಿದ್ದವರ ಹತ್ತಿರವೇ ಮಾತು ಜಾಸ್ತಿ, ಅಲ್ವಾ? ಹಾಗಾಗಿ ಮಾತಾಡಿದೆ. ಅವ್ವನ ಸಿಟ್ಟು, ತೀರದ ಸಾಲ, ಅಪ್ಪ ಹೋದಾಗ ನಾನು ಇವನ ಮೇಲೆ ಮುನಿಸಿಕೊಂಡದ್ದು, ಎಲ್ಲಾ. ಜಗಳವನ್ನೂ ಮಾಡಿದೆ. ಬೇಡುವುದನ್ನು ಮಾತ್ರ ಬೇಡಲಿಲ್ಲ, ಅದು ಅವನಿಗೆ ಕಾಣುತ್ತಿತ್ತು.

ಪೂಜೆ ಮುಗಿಸಿ ಕಣ್ಣೆತ್ತಿದರೆ ಎದುರಿನ ಬೆಂಚಿನಲ್ಲಿ ಇಂಡಿ ಕಡೆಯ ಒಬ್ಬ ಹೆಣ್ಣುಮಗಳು. ಮಗ ಐಸಿಯುನಲ್ಲಿದ್ದಾನೆ, ನಿನ್ನೆಯಿಂದ ಏನೂ ತಿಂದಿಲ್ಲ ಅಂದಳು. ಬುತ್ತಿ ಬಿಚ್ಚಿದೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೊದಲು ಬೇಡ ಬೇಡ ಅಂದಳು, ಆಮೇಲೆ ರೊಟ್ಟಿ ಮುರಿದಳು. ದಾಸೋಹ ಅಂದರೆ ದೊಡ್ಡ ಮಠದ ಪಂಕ್ತಿಯೇ ಆಗಬೇಕು ಅಂತಿಲ್ಲ. ನನ್ನನ್ನು ಬಲ್ಲವನು ಅವಳನ್ನೂ ಬಲ್ಲ. ಅದನ್ನು ಒಪ್ಪಿಕೊಂಡ ಮೇಲೆ ಬುತ್ತಿ ಮುಚ್ಚಿಟ್ಟು ಕೂರುವುದು ಹೇಗೆ?

ಅವ್ವ ಈಗ ಮನೆಯಲ್ಲಿ ಆರಾಮ ಇದ್ದಾಳೆ. ಬೆಳಿಗ್ಗೆ ಇಬ್ಬರೂ ಜೊತೆಗೇ ಪೂಜೆಗೆ ಕೂರುತ್ತೇವೆ. ಎದ್ದ ಕೂಡಲೇ ಅವ್ವ ಕೇಳುವುದು, "ಇಂಡಿಯ ಆಕಿಗೆ ಫೋನ್ ಮಾಡಿದೇನು? ಹುಡುಗ ಹೆಂಗದಾನಂತ?"