“ಎಲ್ಲಾದರೂ ಆಸ್ತಿ ಇದೆಯೇ?” ಎಂದು ಕೇಳುವವರಿಗೆ

ಇಲ್ಲ. ಎಲ್ಲಿಯೂ ಇಲ್ಲ. ಮುತ್ತಜ್ಜ ಹಿತ್ತಲಲ್ಲಿ ಹಂಡೆ ಹೂತಿಟ್ಟಿಲ್ಲ, ಯಾವ ವಾಡೆಗೂ ನಾವು ವಾರಸುದಾರರಲ್ಲ, ಮುಳುಗಡೆಯಾದ ಯಾವ ಹೊಲದ ಪರಿಹಾರವೂ ನಮಗೆ ಬರುವುದು ಬಾಕಿ ಇಲ್ಲ.

ಆರು ವರ್ಷಗಳಿಂದ ನಾನು ತವರುಮನೆಯ ಹಿರಿಯರ ಜಾಡು ಹಿಡಿದು ಹಳೆಯ ಕಾಗದಗಳನ್ನು ಹುಡುಕುತ್ತಿದ್ದೇನೆ. ಗೊತ್ತಾದವರೆಲ್ಲ ಮೊದಲು ಕೇಳುವುದು ಈ ಒಂದೇ ಪ್ರಶ್ನೆ. ಕೆಲವರು ನಗುತ್ತ ಕೇಳುತ್ತಾರೆ, ಕೆಲವರು ದನಿ ತಗ್ಗಿಸಿ. ದನಿ ತಗ್ಗಿಸುವವರೇ ಹೆಚ್ಚು. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ, ಓದಿಕೊಳ್ಳಲಿ.

ನನಗೆ ಸಿಟ್ಟು ಬರುವುದು ಪ್ರಶ್ನೆಗಿಂತ ಅದು ಯಾರ ಪಾಲಿಗೆ ಬರುತ್ತದೆ ಎಂಬುದಕ್ಕೆ. ನಮ್ಮ ಬೀದಿಯಲ್ಲಿಯೇ ನಿವೃತ್ತ ಉಪನ್ಯಾಸಕರೊಬ್ಬರು ತಮ್ಮ ವಂಶಾವಳಿ ಬರೆಯುತ್ತಿದ್ದಾರೆ. ಅವರನ್ನು ಯಾರೂ ಹೀಗೆ ಕೇಳಿಲ್ಲ. ಚಹಾ ಕೊಟ್ಟು, ಎಷ್ಟು ತಲೆಮಾರು ಸಿಕ್ಕಿತು ಸರ್ ಎಂದು ವಿಚಾರಿಸುತ್ತಾರೆ. ಗಂಡಸರು ಮಾಡಿದರೆ ಸಂಶೋಧನೆ. ತವರಿನ ಹೊಲದ ಉತಾರ, ಅಂದರೆ ಪಹಣಿ, ಕೇಳಿದ ಹೆಣ್ಣುಮಗಳದು ಮಾತ್ರ ಸಂಚು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲಿ ಹೇಳಿತು, 2005ರಲ್ಲಿ ದೇಶಕ್ಕೆಲ್ಲ ಕಾನೂನಾಯಿತು. ಅಂದಿನಿಂದ ನಮ್ಮ ಕಡೆಯ ಅಣ್ಣತಮ್ಮಂದಿರ ಕಿವಿಗಳು ಅಕ್ಕತಂಗಿಯರ ಬಾಯಲ್ಲಿ ಪಹಣಿ ಎಂಬ ಶಬ್ದ ಬಂದರೆ ಸಾಕು, ನೆಟ್ಟಗಾಗುತ್ತವೆ.

ಹುಬ್ಬಳ್ಳಿಯಲ್ಲಿ ಚಿಕ್ಕಪ್ಪನ ಮಗನ ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಹಿರಿಯ ಕಾಕಾನಿಗೆ, ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿರುವ ಕಾಗದಗಳನ್ನು ಒಮ್ಮೆ ನೋಡಬೇಕಿತ್ತು ಎಂದೆ. ಅಷ್ಟೇ ಹೇಳಿದ್ದು. ಮಾದಲಿಗೆ ಹಾಲು ಹಾಕುತ್ತ ಬಂದವನು ನಮ್ಮ ಎಲೆ ದಾಟುವಷ್ಟರಲ್ಲಿ ಸುದ್ದಿ ಎದುರಿನ ಪಂಕ್ತಿಗೆ ಮುಟ್ಟಿತ್ತು. ಝುಣಕ ಬರುವಷ್ಟರಲ್ಲಿ ಒಬ್ಬ ತಮ್ಮ ಕೈ ತೊಳೆಯದೆಯೇ ಎದ್ದು ಹೊರಗೆ ಹೋಗಿ ಯಾರಿಗೋ ಫೋನು ಹಚ್ಚಿದ. ಕಾಕಾ ನನ್ನ ಕಡೆ ತಿರುಗದೆ ಎಲೆಯನ್ನೇ ನೋಡುತ್ತ, “ತಂಗೀ, ಯಾರಾದರೂ ವಕೀಲರು ಹೇಳಿದ್ದಾರೆಯೇ?” ಎಂದರು.

ನಾನು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಆಗಲೇ ಐದು ವರ್ಷವಾಗಿತ್ತು. ಅಪ್ಪ ತೀರಿಕೊಂಡ ವರ್ಷ ಇಬ್ಬರು ತಮ್ಮಂದಿರೂ ಕರೆದುಕೊಂಡು ಹೋದರು, ಸಹಿ ಹಾಕಿದೆ, ಹೆಬ್ಬೆಟ್ಟು ಒತ್ತಿದೆ, ಕ್ಯಾಮೆರಾ ನೋಡಿದೆ, ಒಂದು ಇಳಕಲ್ ಸೀರೆ ಉಟ್ಟು ಮನೆಗೆ ಬಂದೆ. ಒತ್ತಾಯವೇನೂ ಇರಲಿಲ್ಲ. ಒತ್ತಾಯ ಬೇಕಾಗುವುದು ಇಲ್ಲ ಎನ್ನುವವರಿಗೆ. ಅಂದರೆ ಆ ಟ್ರಂಕಿನಲ್ಲಿ ನಿಧಿಯ ನಕ್ಷೆಯೇ ಇದ್ದರೂ ನನಗೆ ಕಾಸಿನ ಹಕ್ಕಿರಲಿಲ್ಲ. ಪಂಕ್ತಿಯಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಆದರೂ ಎರಡು ತಿಂಗಳು ಟ್ರಂಕಿಗೆ ಹೊಸ ಬೀಗ.

ಕಚೇರಿಯಲ್ಲಿಯೂ ಇದೇ ಕತೆ. ಕೈಬರಹದ ಹಳೆಯ ದಾಖಲೆಗಳು ನಾನು ಹೋದಾಗ ಇನ್ನೂ ರೆಕಾರ್ಡ್ ರೂಮಿನ ಬಟ್ಟೆಗಂಟುಗಳಲ್ಲಿಯೇ ಇದ್ದವು. 2000ದ ಇಸವಿಯಲ್ಲಿ ಆರಂಭವಾದ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಹೋದದ್ದು ಆಗ ಚಾಲ್ತಿಯಲ್ಲಿದ್ದ ಪಹಣಿಗಳು. ಮುತ್ತಜ್ಜ ಬೇಕಾದರೆ ಅರ್ಜಿ ಕೊಟ್ಟು ಧೂಳು ಕುಡಿಯಬೇಕಿತ್ತು. ನಕಲಿನ ಅರ್ಜಿಯಲ್ಲಿ ಉದ್ದೇಶ ಎಂದು ಒಂದು ಸಾಲಿತ್ತು. ತಿಳಿದುಕೊಳ್ಳುವುದಕ್ಕಾಗಿ ಎಂದು ಬರೆದೆ. ಗುಮಾಸ್ತ ಅದನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, ಅಡ್ಡಗೆರೆ ಎಳೆದು ಮೇಲೆ ತಾನೇ ಬರೆದ: ಆಸ್ತಿ ಸಂಬಂಧ. “ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ ಮೇಡಂ” ಎಂದ. ಒಳ್ಳೆಯ ಮನುಷ್ಯ. ಅವನ ತಪ್ಪೇನೂ ಇರಲಿಲ್ಲ.

ಹೆಸರುಗಳನ್ನು ಹುಡುಕಲು ನಮಗೆ ಬೇರೆ ದಾರಿಯೂ ಕಡಿಮೆ. ಅಮೆರಿಕದಲ್ಲಿ 72 ವರ್ಷ ಕಳೆದ ಜನಗಣತಿಯ ಹಾಳೆಗಳನ್ನು ಹೆಸರು ಸಹಿತ ಬಿಡುಗಡೆ ಮಾಡುತ್ತಾರೆ. 1950ರದ್ದು 2022ರಲ್ಲಿ ಹೊರಬಂತು. ನಮ್ಮಲ್ಲಿ 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ತಲೆ ಎಣಿಸಿದ್ದಾರೆ, ಆದರೆ ಯಾರ ತಲೆ ಎಂದು ಓದಲು ಸಿಗುವುದಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಆ ಹಾಳೆಗಳನ್ನು ಯಾರೂ ನೋಡುವಂತಿಲ್ಲ. ಹಾಗಾಗಿ ನಮ್ಮ ಹಿರಿಯರು ಸಿಗುವುದು ಕಂದಾಯ ಕಟ್ಟಿದಲ್ಲಿ, ಸಾಲ ಕೊಟ್ಟಲ್ಲಿ, ಜಗಳವಾಡಿದಲ್ಲಿ. ಹೊಲವೇ ಇಲ್ಲದೆ ನಮ್ಮ ಹೊಲದಲ್ಲಿ ದುಡಿದವರ ಮೊಮ್ಮಕ್ಕಳು ನನ್ನ ಹಾಗೆ ಹುಡುಕಲು ಹೊರಟರೆ ಯಾವ ಗಂಟು ಬಿಚ್ಚಬೇಕು?

ಹೆಳವರಿದ್ದಾರಲ್ಲ ಎನ್ನುತ್ತೀರಿ. ಇದ್ದಾರೆ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ, ಕೆಲವು ವರ್ಷಗಳಿಗೊಮ್ಮೆ, ಎತ್ತಿನ ಮೇಲೆ ಹೆಳವ ಬರುತ್ತಿದ್ದ. ಒಂದೊಂದು ಮನೆತನದ ಹಿರಿಯರ ಹೆಸರು, ಅವರು ಯಾವ ಊರು ಬಿಟ್ಟು ಯಾವ ಊರಿಗೆ ಬಂದರು ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟು, ಕಟ್ಟೆಯ ಮೇಲೆ ಕುಳಿತು ಹಾಡಿದಂತೆ ಓದುವುದು ಅವರ ಕುಲವೃತ್ತಿ. ಕಾಳು, ದುಡ್ಡು, ಅನುಕೂಲವಿದ್ದವರು ಕುರಿಮರಿಯನ್ನೂ ಕೊಟ್ಟು ಕಳುಹಿಸುತ್ತಾರೆ. ನನಗೆ ಒಂಬತ್ತು ವರ್ಷವಿದ್ದಾಗ ಬಂದವನು ಏಳು ತಲೆಮಾರು ಓದಿ, ಕೊನೆಗೆ ನನ್ನ ಇಬ್ಬರು ತಮ್ಮಂದಿರ ಹೆಸರು ಬರೆದುಕೊಂಡು ಪುಸ್ತಕ ಕಟ್ಟಿದ. ನನ್ನದು ಎಂದೆ. “ನಿನ್ನ ಹೆಸರನ್ನು ನಿನ್ನ ಗಂಡನ ಮನೆಯ ಹೆಳವ ಬರೆದುಕೊಳ್ಳುತ್ತಾನೆ ಅವ್ವಾ” ಎಂದ. ಬೆಂಗಳೂರಿನ ನಮ್ಮ ಮೂರನೆಯ ಮಹಡಿಗೆ ಇನ್ನೂ ಯಾವ ಹೆಳವನೂ ಬಂದಿಲ್ಲ. ಲಿಫ್ಟಿನಲ್ಲಿ ಎತ್ತು ಹಿಡಿಸುವುದಿಲ್ಲವಲ್ಲ.

ಟ್ರಂಕಿಗೆ ಬರೋಣ. ಎರಡು ತಿಂಗಳಾದ ಮೇಲೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳು ಬಂದವು. ಕಾಕಾ ಎಲ್ಲವನ್ನೂ ಮೊದಲು ವಕೀಲರಿಗೆ ತೋರಿಸಿದ್ದರು. ಉಪಯೋಗಕ್ಕೆ ಬರುವುದನ್ನು ಎತ್ತಿಟ್ಟುಕೊಂಡು ಉಳಿದದ್ದನ್ನು, ಅಂದರೆ ವಕೀಲರಿಗೆ ಓದಲು ಬಾರದ್ದನ್ನು, ನನಗೆ ಕಳುಹಿಸಿದ್ದರು. ಆ ವಕೀಲರಿಗೆ ನಾನು ಋಣಿ.

ಅದರಲ್ಲಿ ನಾಲ್ಕು ಮಡಿಕೆಯ ಒಂದು ಛಾಪಾ ಕಾಗದವಿತ್ತು. ಕನ್ನಡವೇ, ಆದರೆ ಮೋಡಿ ಹಿಡಿದ ಕನ್ನಡ. ಲೇಖನಿ ಎತ್ತದೆ ಅಕ್ಷರಕ್ಕೆ ಅಕ್ಷರ ಕೊಂಡಿ ಹಾಕಿ, ಪದಕ್ಕೂ ಪದಕ್ಕೂ ನಡುವೆ ಇರುವೆ ಹೋಗುವಷ್ಟೂ ಸಂದಿಲ್ಲದಂತೆ ಬರೆದದ್ದು. ಬಲ್ಲ ಹಿರಿಯರೊಬ್ಬರ ಬಳಿ ಕುಳಿತು ಕೂಡಿಸಿ ಓದಲು ನಾಲ್ಕು ತಿಂಗಳು ಹಿಡಿಯಿತು. ಮೊದಲು ಸಿಕ್ಕಿದ್ದು ಧಾತು ನಾಮ ಸಂವತ್ಸರ, ಮಾರ್ಗಶಿರ ಮಾಸ. ಶಕವರ್ಷ ಬರೆದಿದ್ದ ಮಡಿಕೆಯನ್ನು ಹುಳು ತಿಂದಿತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 1816 ಕೂಡ ಧಾತುವೇ, 1876 ಕೂಡ ಧಾತುವೇ. ಸಾಲ ಕೊಟ್ಟವನ ಹೆಸರಿನಿಂದ ತಿಳಿಯೋಣವೆಂದರೆ ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು. 60 ವರ್ಷವೆಂದರೆ ಹೆಚ್ಚುಕಡಿಮೆ ಎರಡು ತಲೆಮಾರು. ಸಂವತ್ಸರ ತಿರುಗಿ ಬರುವ ಹೊತ್ತಿಗೆ ಹೆಸರೂ ತಿರುಗಿ ಬಂದಿರುತ್ತದೆ! ಕೊನೆಗೆ ತೀರ್ಪು ಕೊಟ್ಟದ್ದು ಕಾಗದದ ನೆತ್ತಿಯ ಮೇಲಿದ್ದ ವಿಕ್ಟೋರಿಯಾ ರಾಣಿಯ ಮುಖ. 1876.

ಆ ವರ್ಷ ಮಳೆ ಕೈಕೊಟ್ಟಿತ್ತು. ಮೈಸೂರು, ಮದ್ರಾಸು, ಮುಂಬೈ ಸೀಮೆಗಳಲ್ಲೆಲ್ಲ ಎರಡು ವರ್ಷ ನಿಂತ ಆ ಬರದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ಧಾರವಾಡ ಸೀಮೆಯೂ ಅದರಲ್ಲಿತ್ತು. ಕಾಗದದಲ್ಲಿದ್ದದ್ದು ಇಷ್ಟು: ಒಬ್ಬ ವಿಧವೆ ತನ್ನ ಹೊಲವನ್ನು 45 ರೂಪಾಯಿಗೆ ನನ್ನ ಮುತ್ತಜ್ಜನ ಅಪ್ಪನ ಬಳಿ ಒತ್ತೆ ಇಟ್ಟಿದ್ದಾಳೆ. ಮುದ್ದತ್ತು ಎರಡು ವರ್ಷ. ಬಡ್ಡಿ ಸಹಿತ ತೀರದಿದ್ದರೆ ಹೊಲ ಅವನದು. ನೂರು ರೂಪಾಯಿಯ ಒಳಗಿನ ವ್ಯವಹಾರವನ್ನು ಸರ್ಕಾರದಲ್ಲಿ ನೋಂದಾಯಿಸಲೇಬೇಕೆಂದಿರಲಿಲ್ಲ, ಆದ್ದರಿಂದ ಇದರ ನಕಲು ಯಾವ ಕಚೇರಿಯಲ್ಲಿಯೂ ಇಲ್ಲ. ಕೆಳಗೆ ಸಾಕ್ಷಿಗಳ ರುಜು. ಓದುಬರಹ ಬಾರದ ರೈತ ಆಗ ನೇಗಿಲಿನ ಚಿತ್ರ ಬರೆದು ಗುರುತು ಹಾಕುತ್ತಿದ್ದ, ಹೆಂಗಸರದು ಬಳೆಯ ಗುರುತು. ಹೆಬ್ಬೆಟ್ಟು ಬಂದದ್ದು ಆಮೇಲೆ. ಇಲ್ಲಿಯೂ ಒಬ್ಬ ಸಾಕ್ಷಿಯದು ನೇಗಿಲು. ಅದರ ಪಕ್ಕದಲ್ಲಿ ಒಂದು ಬಳೆ, ಹುಣಸೆ ಬೀಜದಷ್ಟು ಚಿಕ್ಕದು. ವೃತ್ತ ಪೂರ್ತಿ ಕೂಡಿಲ್ಲ. ಆರಂಭವಾದ ಕಡೆ ಮಸಿ ದಪ್ಪ, ಮುಗಿಯುವ ಕಡೆ ಒಣಗಿದೆ. ಗಂಡ ಸತ್ತ ಹೆಂಗಸು, ಕೈಯಲ್ಲಿ ಬಳೆ ಇರಲಿಕ್ಕಿಲ್ಲ.

ಸರ್ವೆ ನಂಬರು ನೋಡಿದ ಕೂಡಲೇ ಯಾವ ಹೊಲವೆಂದು ತಿಳಿಯಿತು. 9 ಎಕರೆ 12 ಗುಂಟೆ, ಎರೆ ಭೂಮಿ. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಅವ್ವನ ಹೊಲ ಎನ್ನುತ್ತಾರೆ. ಸೀಗೆ ಹುಣ್ಣಿಮೆಯ ದಿನ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲುವಾಗ ಅಜ್ಜಿ ಮೊದಲ ಹಿಡಿಯನ್ನು ಆ ಹೊಲಕ್ಕೇ ಚೆಲ್ಲುತ್ತಿದ್ದರು. “ಯಾರ ಅವ್ವ, ಅಜ್ಜಿ?” ಎಂದರೆ, ನಮ್ಮ ಹಿರಿಯರ ಅವ್ವ ಎನ್ನುತ್ತಿದ್ದರು. ಅವರಿಗೆ ಅವರ ಅತ್ತೆ ಹಾಗೆ ಹೇಳಿದ್ದರಂತೆ. ಆ ಹೊಲದ ಜೋಳ ತಿಂದು ಬೆಳೆದ ನಾವು ಯಾವುದೋ ಪುಣ್ಯವಂತ ಮುತ್ತಜ್ಜಿಯನ್ನು ಮನಸ್ಸಿನಲ್ಲಿ ಮಾಡಿಕೊಂಡು ಕೈ ಮುಗಿಯುತ್ತಿದ್ದೆವು.

ನೀವು ಕೇಳಬೇಕಿದ್ದದ್ದು, ಆಸ್ತಿ ಎಲ್ಲಿದೆ ಎಂದಲ್ಲ. ಇದ್ದದ್ದು ಯಾರದು ಎಂದು. ಅದಕ್ಕೆ ನನ್ನ ಬಳಿ ಉತ್ತರವಿದೆ. ಆರು ವರ್ಷ ಹುಡುಕಿ ನನಗೆ ಸಿಕ್ಕ ಗಂಡಸರ ಹೆಸರು ಹನ್ನೊಂದು, ಎಲ್ಲರೂ ಬಿನ್ ಇಂಥವನು, ಅಂದರೆ ಇಂಥವನ ಮಗ. ಆ ಹನ್ನೊಂದು ಜನರನ್ನು ಹೆತ್ತವರ ಹೆಸರು ಒಂದೂ ಸಿಕ್ಕಿಲ್ಲ. ಅಷ್ಟು ಹಳೆಯ ಕಾಗದಗಳಲ್ಲಿ ಹೆಸರು ಹಿಡಿದು ಕಾಣಿಸುವ ಹೆಂಗಸು ಒಬ್ಬಳೇ, ಇಂಥವಳು ಕೋಂ ಇಂಥವನು, ಅಂದರೆ ಇಂಥವನ ಹೆಂಡತಿ ಎಂದು, ಅವಳು ನಮ್ಮವಳಲ್ಲ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಅಡ್ಡಹೆಸರಿನವರು ಊರಿನಲ್ಲಿ ಇನ್ನೂ ಎರಡು ಮನೆ ಇದ್ದಾರೆ, ಒಬ್ಬರು ನಮ್ಮ ತಮ್ಮನ ಟ್ರ್ಯಾಕ್ಟರು ಹೊಡೆಯುತ್ತಾರೆ.

ಮುಂದೆ ಯಾರಾದರೂ ನಮ್ಮ ಮನೆತನದ ದಾಖಲೆ ತೆಗೆದರೆ ನನ್ನ ಹೆಸರೂ ಸಿಗುತ್ತದೆ, ಅದನ್ನೂ ನೋಡಿಕೊಂಡೆ. ಹೆಳವನ ಪುಸ್ತಕದಲ್ಲಿಲ್ಲ, ಪಹಣಿಯಲ್ಲಿಲ್ಲ. ನೋಂದಣಿ ಕಚೇರಿಯಲ್ಲಿದೆ, ಹಕ್ಕು ಬಿಟ್ಟುಕೊಟ್ಟವರ ಕಾಲಮ್ಮಿನಲ್ಲಿ, ಫೋಟೋ ಮತ್ತು ಹೆಬ್ಬೆಟ್ಟಿನೊಂದಿಗೆ.

ಇದನ್ನೆಲ್ಲ ಕಳೆದ ತಿಂಗಳು ಚಿಕ್ಕ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಬರ, ಬಳೆ, 45 ರೂಪಾಯಿ, ಅಜ್ಜಿಯ ಚರಗ, ಎಲ್ಲ. ನಡುವೆ ಒಂದು ಮಾತೂ ಆಡದೆ ಕೇಳಿದ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನ ಹಿಂದೆ ಹೊಲದಲ್ಲಿ ಯಾರೋ ಎತ್ತುಗಳನ್ನು ಕೂಗುವುದು ಕೇಳುತ್ತಿತ್ತು.

“ಅಕ್ಕಾ, ಆಕೆಯ ಕಡೆಯವರು ಈಗ ಯಾರಾದರೂ ಇದ್ದಾರೆಯೇ?” ಎಂದ.

ಆರು ವರ್ಷದಲ್ಲಿ ಮೊದಲ ಸಲ ಒಬ್ಬರು ಸರಿಯಾದುದನ್ನು ಕೇಳಿದರಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಇದ್ದಾರೆ ಎಂದೆ.

“ಆ ಕಾಗದದ ಮೇಲೆ ಅವರು ಈಗ ಕೇಸು ಹಾಕಲು ಬರುತ್ತದೆಯೇ?”